ದಾಸವಾಳದ ಗಿಡದಲ್ಲಿ ಗುಂಪು ಕಟ್ಟಿರುವ ಆ ಕೆಂಪು ಹುಳ ಯಾವುದು?

ಫೋಟೋ ಕಳಿಸಿ "ಇದು ಕಚ್ಚುತ್ತಾ? ಔಷಧಿ ಹೊಡೀಬೇಕಾ?" ಎಂದು ಕೇಳುವವರು ತುಂಬಾ ಜನ. ಫೋಟೋದಲ್ಲಿ ಹೆಚ್ಚಾಗಿ ಇರುವುದು ಕೆಂಪು ತಿಗಣೆ. ಹತ್ತಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಹಾಸಿಗೆಯ ತಿಗಣೆಯ ಹಾಗೆ ರಕ್ತ ಕುಡಿಯುವ ಜಾತಿ ಅಲ್ಲ, ಗಿಡದ ರಸದ ಮೇಲೆ ಬದುಕುವಂಥದ್ದು. ಮನೆಯ ದಾಸವಾಳಕ್ಕೆ ಔಷಧಿ ಬೇಡವೇ ಬೇಡ.

ಸ್ವಲ್ಪ ಹತ್ತಿರದಿಂದ ನೋಡಿ. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್. ತಲೆಯ ಹಿಂದೆ ಕಾಲರ್ ತೊಟ್ಟ ಹಾಗೆ ಒಂದು ಬಿಳಿ ಗೆರೆ, ಎರಡೂ ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ, ರೆಕ್ಕೆಯ ತುದಿ ಪೂರ್ತಿ ಕಪ್ಪು. ಮಗುಚಿ ನೋಡಿದರೆ ಹೊಟ್ಟೆಯ ತುಂಬಾ ಕೆಂಪು-ಬಿಳಿ ಪಟ್ಟೆ. ಎಷ್ಟು ಅಚ್ಚುಕಟ್ಟು ಅಲ್ವಾ! ಕಾಲುಗಳ ನಡುವೆ ಎದೆಗೆ ಒತ್ತಿಕೊಂಡು ಮಡಚಿಟ್ಟಿರುವ ಸೂಜಿಯೇ ಅದರ ಬಾಯಿ. ಬೀಜಕ್ಕೆ ಚುಚ್ಚಿ ಒಂದು ಕೊಳವೆಯಲ್ಲಿ ಜೊಲ್ಲು ಬಿಡುತ್ತದೆ, ಇನ್ನೊಂದರಲ್ಲಿ ಕರಗಿದ್ದನ್ನು ಹೀರುತ್ತದೆ.

ಬೀಜವೇ ಅದಕ್ಕೆ ಮುಖ್ಯ. ದಾಸವಾಳ, ಬೆಂಡೆ, ಹತ್ತಿ, ಬೂರುಗ ಎಲ್ಲ ಒಂದೇ ಕುಟುಂಬದ ಗಿಡಗಳು, ಹಾಗಾಗಿ ಬೂರುಗದ ಕಾಯಿ ಒಡೆದು ಬೀಜ ಉದುರಿದ ಕಡೆ ಈ ತಿಗಣೆ ಸೇರುತ್ತದೆ. ಹಿಂಬದಿಗೆ ಹಿಂಬದಿ ಅಂಟಿಕೊಂಡು ಓಡಾಡುವ ಜೋಡಿಗಳನ್ನು ಕಂಡು ಎರಡು ತಲೆಯ ಹುಳ ಎಂದುಕೊಳ್ಳುವವರಿದ್ದಾರೆ. ಅದು ಕೂಡುವಿಕೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ದೊಡ್ಡದು ಹೆಣ್ಣು. ತೇವದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ಮರಿಗಳು ಐದು ಸಲ ಪೊರೆ ಕಳಚಿ ದೊಡ್ಡವಾಗುತ್ತವೆ.

ಈ ಪೊರೆ ಕಳಚುವ ವಿಷಯದಲ್ಲೇ ಇವುಗಳ ಯುರೋಪಿನ ನೆಂಟ ವಿಜ್ಞಾನಿಗಳನ್ನು ತಬ್ಬಿಬ್ಬು ಮಾಡಿತ್ತು. 1960ರ ದಶಕದಲ್ಲಿ ಕರೆಲ್ ಸ್ಲಾಮಾ ಎಂಬ ಜೆಕ್ ವಿಜ್ಞಾನಿ ಆ ತಿಗಣೆಗಳನ್ನು ಅಮೆರಿಕದ ಹಾರ್ವರ್ಡ್‌ಗೆ ಒಯ್ದರು. ಅಲ್ಲಿ ಮರಿಗಳು ದೊಡ್ಡವಾಗಲೇ ಇಲ್ಲ, ಐದನೇ ಹಂತ ದಾಟಿದರೂ ಮರಿಯಾಗಿಯೇ ಬೆಳೆದು ಸತ್ತವು. ಹುಡುಕಿ ಹುಡುಕಿ ಕೊನೆಗೆ ಸಿಕ್ಕ ಕಾರಣ, ಸಾಕುವ ಪಾತ್ರೆಗೆ ಹಾಸಿದ್ದ ಪೇಪರ್ ಟವೆಲ್! ಆ ಕಾಗದ ತಯಾರಾದ ಬಾಲ್ಸಂ ಫರ್ ಮರದಲ್ಲಿ ಕೀಟಗಳ ಎಳೆತನ ಕಾಯುವ ಹಾರ್ಮೋನಿನಂತೆ ಕೆಲಸ ಮಾಡುವ ರಾಸಾಯನಿಕ ಇತ್ತು. 1891ರಲ್ಲಿ ಹರ್ಮನ್ ಹೆಂಕಿಂಗ್ ಎಕ್ಸ್ ಕ್ರೋಮೋಸೋಮನ್ನು ಮೊದಲು ಗಮನಿಸಿದ್ದೂ ಇದೇ ಯುರೋಪಿನ ತಿಗಣೆಯ ಜೀವಕೋಶದಲ್ಲಿ. ಇಷ್ಟೆಲ್ಲ ಕಲಿಸಿದ ಕುಟುಂಬವನ್ನು ಕಂಡಕೂಡಲೇ ಸ್ಪ್ರೇ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹತ್ತಿ ಹೊಲದ ಮಾತು ಬೇರೆ, ಅಲ್ಲಿ ನಷ್ಟ ನಿಜ. ಕಾಯಿ ಒಡೆಯುವಾಗ ಬೀಜ ಹೀರಿ ಜೊಳ್ಳು ಮಾಡುತ್ತದೆ, ಚುಚ್ಚಿದ ತೂತಿನಿಂದ ಬೂಷ್ಟು ಒಳಗೆ ಹೋಗುತ್ತದೆ, ಹಿಕ್ಕೆಯಿಂದಲೂ ಅರಳೆಗೆ ಹಳದಿ ಕಲೆ ಹಿಡಿದು ಬೆಲೆ ಬೀಳುತ್ತದೆ.

ಮನೆಯಂಗಳದಲ್ಲಿ ಬೀಜಕ್ಕೆಂದು ಬಿಟ್ಟ ಬೆಂಡೆಕಾಯಿ ಉಳಿಸಿಕೊಳ್ಳಬೇಕಿದ್ದರೆ, ಬೆಳಿಗ್ಗೆ ಸೋಪು ನೀರಿನ ಬಟ್ಟಲು ಹಿಡಿದು ಗಿಡ ಅಲುಗಾಡಿಸಿ, ಸಾಕು. ಸ್ಪ್ರೇ ಹೊಡೆದರೆ ಆಂಟಿಲೋಕಸ್ ಕೂಡ ಸಾಯುತ್ತದೆ. ಅದೂ ಇದೇ ಕುಟುಂಬದ ಕೆಂಪು ತಿಗಣೆ, ಆದರೆ ತಿನ್ನುವುದು ಈ ಕೆಂಪು ತಿಗಣೆಗಳನ್ನೇ.