ದೇವರನ್ನ ನಂಬಲ್ಲ ಅಂದ್ಮೇಲೆ ಗೌರಿ ಯಾಕೆ ಕೂರಿಸ್ತೀಯ?

ಶ್ರಾವಣ ಶುರುವಾಯ್ತು ಅಂದ್ರೆ ಈ ಪ್ರಶ್ನೆನೂ ಶುರು. ಫೋನಲ್ಲಿ, ಲಿಫ್ಟಲ್ಲಿ, ಆಫೀಸ್ ಕ್ಯಾಂಟೀನಲ್ಲಿ, ಶಿವಮೊಗ್ಗಕ್ಕೆ ಹೋದ್ರೆ ನಮ್ಮ ಕಡೆಯವರು, ಇಲ್ಲಿ ಪುಣೆಯಲ್ಲಿ ಗಂಡನ ಕಡೆಯವರು. "ನೀನು ದೇವರನ್ನ ನಂಬಲ್ವಲ್ಲ, ಮತ್ತೆ ಹಬ್ಬ ಯಾಕೆ ಇಷ್ಟು ಜೋರಾಗಿ ಮಾಡ್ತೀಯ?" ನಗ್ತಾನೇ ಕೇಳ್ತಾರೆ, ಕಳ್ಳಿ ಸಿಕ್ಕಿಬಿದ್ಲು ಅನ್ನೋ ನಗು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಓದ್ಕೊಳ್ಳಿ, ನನಗೆ ಒಲೆ ಮೇಲೆ ಬೇಳೆ ಇದೆ.

ಕೇಳೋ ಸ್ಟೈಲು ಮಾತ್ರ ಒಬ್ಬೊಬ್ಬರದು ಒಂದೊಂದು. ಕಾಲೇಜ್ ಫ್ರೆಂಡ್ಸು ಫೋಟೋ ನೋಡಿ "ಏನೇ, ಮದ್ವೆ ಆಗಿ ಭಕ್ತೆ ಆಗ್ಬಿಟ್ಯಾ" ಅಂತಾರೆ, ಅದಕ್ಕೆ ಎರಡು ನಗೋ ಇಮೋಜಿ ಬೇರೆ. ಆಫೀಸಲ್ಲಿ ಒಬ್ಬ ಇದ್ದಾನೆ, ಶ್ರಾವಣ ಸೋಮವಾರ ಉಪವಾಸ ಅಂತ ಹೇಳಿ ಸಾಬುದಾಣೆ ಖಿಚಡಿ ಎರಡು ಪ್ಲೇಟ್ ಹೊಡೆಯೋನು, ಅವನು ನನಗೆ ಕನ್ಸಿಸ್ಟೆನ್ಸಿ ಬಗ್ಗೆ ಪಾಠ ಮಾಡಿದ. ನಮ್ಮ ಚಿಕ್ಕಮ್ಮಂದು ಎಲ್ಲಕ್ಕಿಂತ ಉರಿ. "ಬಾಯಲ್ಲಿ ಹಾಗಂತಾಳೆ ಅಷ್ಟೆ, ಒಳಗೆ ಭಕ್ತಿ ಇದೆ" ಅಂತ ಎಲ್ಲರ ಮುಂದೆ ನನ್ನ ಪರ ವಕಾಲತ್ತು. ಇಲ್ಲ ಚಿಕ್ಕಮ್ಮ, ಒಳಗೂ ಇಲ್ಲ, ಹುಡುಕಿ ನೋಡಿದ್ದೀನಿ. ನಮ್ಮ ಸೊಸೈಟಿಯ ಒಬ್ಬರು "ಓಹೋ, ಹಾಗಾದ್ರೆ ನೀವು ದಾಭೋಲ್ಕರ್ ಪಾರ್ಟಿ" ಅಂತ ತಮಾಷೆ ಮಾಡಿದ್ರು. ಮೂಢನಂಬಿಕೆ ವಿರುದ್ಧ ಹೋರಾಡ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನ ಇದೇ ಊರಲ್ಲಿ, ಓಂಕಾರೇಶ್ವರದ ಸೇತುವೆ ಮೇಲೆ, 2013ರ ಆಗಸ್ಟ್ 20ರ ಬೆಳಿಗ್ಗೆ ವಾಕಿಂಗ್ ಹೋಗಿದ್ದಾಗ ಗುಂಡು ಹೊಡೆದು ಕೊಂದ್ರು. ಆ ತಮಾಷೆಗೆ ನನಗೆ ನಗು ಬರಲಿಲ್ಲ.

ಇರ್ಲಿ. ಮೊದಲು ನಮ್ಮನೆ ಹಬ್ಬದ ಲೆಕ್ಕ ಹೇಳ್ಬಿಡ್ತೀನಿ. ನಮ್ಮ ಶಿವಮೊಗ್ಗ ಕಡೆ ಸ್ವರ್ಣಗೌರಿ ಬರೋದು ಭಾದ್ರಪದ ತದಿಗೆಗೆ, ಮಗ ಗಣಪತಿಗಿಂತ ಒಂದು ದಿನ ಮುಂಚೆ, 16 ಗಂಟಿನ ದಾರ, ಮೊರದ ಬಾಗಿನ, ಎಲ್ಲ ಒಂದೇ ದಿನ ಮುಗಿಯುತ್ತೆ. ನನ್ನ ಗಂಡನ ಮನೆಯವರು ವಿಜಯಪುರದವರು, ಮಾವನ ಕಾಲಕ್ಕೇ ಪುಣೆ ಸೇರಿದೋರು, ಅವರ ಗೌರಿ ಇಲ್ಲಿನ ಮರಾಠಿ ಮನೆಗಳ ಹಾಗೆ ಗಣಪತಿ ಬಂದು ಕೂತ ಮೇಲೆ ನಿಧಾನಕ್ಕೆ ಬರೋಳು. ಅನುರಾಧಾ ನಕ್ಷತ್ರಕ್ಕೆ ಬರೋದು, ಜ್ಯೇಷ್ಠಾ ನಕ್ಷತ್ರಕ್ಕೆ ಪೂಜೆ ಮತ್ತು ಹೋಳಿಗೆ ಊಟ, ಮೂಲಾ ನಕ್ಷತ್ರಕ್ಕೆ ಹೊರಡೋದು. ಬರೋದೂ ಒಬ್ಬಳಲ್ಲ, ಜ್ಯೇಷ್ಠಾ ಕನಿಷ್ಠಾ ಅಂತ ಇಬ್ಬರು. ಅಲ್ಲಿಗೆ ದೇವರೇ ಇಲ್ಲ ಅನ್ನೋ ನನ್ನ ತಲೆಗೆ ಒಂದೇ ವಾರದಲ್ಲಿ ಮೂರು ಗೌರಿ. ಅಮ್ಮ ಶಿವಮೊಗ್ಗದಿಂದ ಫೋನ್ ಮಾಡಿ ಬಾಗಿನ ಕೊಟ್ಯಾ ಅಂತ ವಿಚಾರಿಸ್ತಿರ್ತಾಳೆ, ನಾನು ಇಲ್ಲಿ ಮಂಡಈ ಮಾರ್ಕೆಟ್ಟಲ್ಲಿ ಕೇದಿಗೆಗೆ ಚೌಕಾಸಿ ಮಾಡ್ತಿರ್ತೀನಿ.

ನನ್ನ ಗಂಡ ನಂಬೋನು. ದಿನಾ ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ ಗಣಪತಿ ಅಥರ್ವಶೀರ್ಷ ಹೇಳಿ ಆಮೇಲೇ ಹಿಂಜವಡಿ ಟ್ರಾಫಿಕ್ಕಿಗೆ ಇಳಿಯೋದು, ಆ ಟ್ರಾಫಿಕ್ಕಿಗೆ ಅದು ಬೇಕಾಗುತ್ತೇನೋ. ಅದೇ ಹೊತ್ತಿಗೆ ನಾನು ಪಕ್ಕದಲ್ಲೇ ಕಾಫಿ ಕುಡೀತಾ ಕೂತಿರ್ತೀನಿ. ನೀನೂ ಬಾ ಅಂತ ಅವನು ಕರೆದಿಲ್ಲ, ನೀನು ಬಿಡು ಅಂತ ನಾನು ಹೇಳಿಲ್ಲ. ನಮ್ಮ ಜಗಳ ಎಲ್ಲ ಗೀಸರ್ ಆಫ್ ಮಾಡಿಲ್ಲ, ಒದ್ದೆ ಟವೆಲ್ ಮಂಚದ ಮೇಲೆ ಅನ್ನೋ ಮಟ್ಟದ್ದು. ದೇವರ ವಿಷಯಕ್ಕೆ ಜಗಳ ಆಗಿದ್ದು ಒಂದೇ ಸಲ, ಅದಕ್ಕೆ ಆಮೇಲೆ ಬರ್ತೀನಿ. ನನಗೆ ಅರ್ಥ ಆಗದ್ದು ಏನಂದ್ರೆ ಇವನನ್ನ ಯಾರೂ ಏನೂ ಕೇಳಲ್ಲ. "ನೀನು ಅಷ್ಟು ನಂಬ್ತೀಯಲ್ಲಪ್ಪ, ಮತ್ತೆ ಅಡುಗೆ ಮನೇಲಿ ಯಾಕಿಲ್ಲ?" ಊಹೂಂ. ಅವನು ಸೋವಳೆ, ಅಂದ್ರೆ ಮಡಿ ಪಂಚೆ, ಉಟ್ಕೊಂಡು ಆರತಿ ತಟ್ಟೆ ಹಿಡಿದ್ರೆ ಹಬ್ಬ ಅವನು ಮಾಡಿದ ಹಾಗೆ, ನಾನು ಹೋಳಿಗೆ ಲಟ್ಟಿಸಿದ್ರೆ ನಾನು ಢೋಂಗಿ.

ಯಾಕೆ ಮಾಡ್ತೀಯ ಅಂದ್ರೆ ಒಂದು ಉತ್ತರ ಸುಲಭದ್ದು. ನನಗೆ ಇಷ್ಟ. ಗೌರಿ ಬರೋ ದಿನ ಬಾಗಿಲಿಂದ ರಂಗೋಲಿ ಹೆಜ್ಜೆ ಬರೆದು, ಇಬ್ಬರು ಗೌರಿಯರ ಹಿತ್ತಾಳೆ ಮುಖಗಳನ್ನ ಕೈಯಲ್ಲಿ ಹಿಡ್ಕೊಂಡು ಇಡೀ ಮನೆ ತೋರಿಸ್ಬೇಕು, ಇದು ಅಡುಗೆ ಮನೆ, ಇದು ಬೀರು, ಇದು ಅಕ್ಕಿ ಡಬ್ಬಿ ಅಂತ. ನಾವು ವಾಷಿಂಗ್ ಮಷಿನ್ ಇರೋ ಬಾಲ್ಕನಿವರೆಗೂ ಕರ್ಕೊಂಡು ಹೋಗ್ತೀವಿ. ಆ ಮುಖ ಕೂರಿಸೋ ಕಬ್ಬಿಣದ ಸ್ಟ್ಯಾಂಡಿಗೆ ಸೀರೆ ಉಡಿಸೋದು ಒಂದು ವಿದ್ಯೆ, ಸೊಂಟ ಇಲ್ಲ, ಭುಜ ಇಲ್ಲ, ಜರಿ ಸೀರೆ ಜಾರ್ತಾನೇ ಇರುತ್ತೆ, ನಾನು ಬಾಯಲ್ಲಿ ಸೇಫ್ಟಿ ಪಿನ್ ಕಚ್ಕೊಂಡು ಮಂಡಿ ಊರಿರ್ತೀನಿ, ಅತ್ತೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು "ನಿರಿಗಿ ಸಣ್ಣವಾಗ್ಯಾವ, ಬಿಚ್ಚು, ಮತ್ತ ಹಿಡಿ" ಅಂತಿರ್ತಾರೆ. ಆಮೇಲೆ ಹೋಳಿಗೆ. ನಮ್ಮ ಕಡೆ ಒಬ್ಬಟ್ಟಿಗೆ ತೊಗರಿಬೇಳೆ, ಇವರಲ್ಲಿ ಕಡಲೆಬೇಳೆ, ಈ ಧರ್ಮಯುದ್ಧದಲ್ಲಿ ನಾನು ಸೋತು ಎಷ್ಟೋ ವರ್ಷ ಆಯ್ತು. ಬೆಂದ ಬೇಳೆ ಬೆಲ್ಲ ಬಿಸಿ ಇರುವಾಗಲೇ ಪುರಣ ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸ್ಬೇಕು, ಕೆಳಗಿನ ಜಾಲರಿಯಿಂದ ಹೂರಣ ಎಳೆಎಳೆಯಾಗಿ ಇಳಿಯುತ್ತೆ, ಆರಿದ್ರೆ ಕಥೆ ಮುಗೀತು, ಹಿಡಿ ಅಲ್ಲಾಡಲ್ಲ. ಇದೆಲ್ಲ ಮಾಡೋಕೆ ನಂಬಿಕೆ ಬೇಕಂತೆ. ಬೇಕಿರೋದು ಭುಜದಲ್ಲಿ ಶಕ್ತಿ. ನಮ್ಮಪ್ಪ ಸಂಸ್ಕೃತದ ಮೇಷ್ಟ್ರು, ಅವರಿದ್ದಿದ್ರೆ ಪೂರ್ವಮೀಮಾಂಸೆ ಅನ್ನೋ ಹಳೇ ದರ್ಶನ ತೆಗೀತಿದ್ರು, ಲೋಕ ಸೃಷ್ಟಿ ಮಾಡಿದ ಈಶ್ವರ ಒಬ್ಬ ಬೇಕಿಲ್ಲ, ಹೇಳಿದ ಕರ್ಮ ಸರಿಯಾಗಿ ಮಾಡಿ ಸಾಕು ಅಂದೋರು ಈ ದೇಶದಲ್ಲೇ ಇದ್ರು ಅಂತ. ನಾನು ಅಷ್ಟು ದೂರ ಹೋಗಲ್ಲ.

ಇಲ್ಲಿಗೆ ನಿಲ್ಲಿಸಿದ್ರೆ ಎಲ್ಲರಿಗೂ ಖುಷಿ, "ನೋಡಿ, ಸಂಸ್ಕೃತಿ ಪ್ರೀತಿ" ಅಂತ ಫಾರ್ವರ್ಡ್ ಮಾಡ್ಬಹುದು. ಆದ್ರೆ 2022ರ ಗೌರಿ ಹೇಳದೆ ನನ್ನ ಉತ್ತರ ಪೂರ್ತಿ ಆಗಲ್ಲ.

ಮಾವ ಹೋಗಿ, ವರ್ಷಾಂತಿಕ ಆಗಿ, ಒಂದು ವರ್ಷ ಹಬ್ಬ ನಿಂತಿದ್ದು ಮತ್ತೆ ಶುರುವಾದ ಮೊದಲ ಗೌರಿ ಅದು. ಅತ್ತೆ ಮದುವೆಯಾಗಿ ಬಂದಾಗಿನಿಂದ ಈ ಎರಡು ಹಿತ್ತಾಳೆ ಮುಖಗಳನ್ನ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸ್ತಾ ಬಂದೋರು. ಯಾವ ಗೌರಿಗೆ ಯಾವ ಬಣ್ಣ ಆಗ್ಬರುತ್ತೆ, 16 ಪಲ್ಯದಲ್ಲಿ ಯಾವುದು ಮೊದಲು ಬಡಿಸೋದು, ಯಾವ ಹಾಡಿನ ಮೇಲೆ ಯಾವ ಹಾಡು, ಎಲ್ಲ ಅವರ ತಲೇಲಿ. ಜ್ವರ ಬಂದ್ರೆ ಗೌರಿ ಹತ್ರ ಹೇಳ್ಕೋತಾರೆ, ಮಗನ ಪ್ರಮೋಷನ್ ಆದ್ರೂ ಹೇಳ್ಕೋತಾರೆ. ಅವರ ನಂಬಿಕೆಯಲ್ಲಿ ಒಂದು ಎಳೆ ಸುಳ್ಳಿಲ್ಲ, ಇದನ್ನ ದಿನಾ ಅವರ ಜೊತೆ ಇರೋ ನಾನು ಹೇಳ್ತಿದ್ದೀನಿ.

ಆ ಸಾಯಂಕಾಲ ಅರಿಶಿನ ಕುಂಕುಮಕ್ಕೆ ಮನೆ ತುಂಬ ಹೆಂಗಸರು. ಗಂಡನ ಕಾಕೂ, ಅಂದ್ರೆ ಅವನ ಚಿಕ್ಕಮ್ಮ, ಹಿರಿಯರು ಅಂತ ತಟ್ಟೆ ಅವರ ಕೈಯಲ್ಲಿ. ಸಾಲಾಗಿ ಎಲ್ಲರಿಗೂ ಹಚ್ಕೊಂಡು ಬಂದ್ರು. ಅತ್ತೆ ಆಗ ತಾನೇ ಕೋಸಂಬರಿ ಪಾತ್ರೆ ಹಿಡ್ಕೊಂಡು ಹಾಲ್‌ಗೆ ಬರ್ತಿದ್ದೋರು ಕುಂಕುಮದ ತಟ್ಟೆ ಕಂಡ ಕೂಡಲೇ ಹಿಂದೆ ಸರಿದು ಫ್ರಿಜ್ಜಿನ ಮರೆಗೆ ನಿಂತ್ರು. ಯಾರೂ ಹೋಗಿ ಅನ್ನಲಿಲ್ಲ. ಅನ್ನೋ ಅವಶ್ಯಕತೆನೇ ಬರಲಿಲ್ಲ. ಸೀರೆ ಸೆರಗಿನ ತುದಿ ಮಾತ್ರ ಆಚೆ ಕಾಣ್ತಿತ್ತು. ಅಷ್ಟರಲ್ಲಿ ಕಾಕೂ ನನ್ನ ಮುಂದೆ ಬಂದು, ಬೆರಳು ಕುಂಕುಮಕ್ಕೆ ಅದ್ದಿ, ಎಲ್ಲರ ಕಡೆ ತಿರುಗಿ, "ಇಕಿಗಿ ದೇವರೇ ಇಲ್ಲಂತಲ್ಲವಾ, ಹಚ್ಚಲ್ಯೋ ಬ್ಯಾಡೋ?" ಅಂದ್ರು. ಎಲ್ಲರೂ ಹೋ ಅಂತ ನಕ್ಕರು. ಹಚ್ಚಿದ್ರು. ಉಡಿ ತುಂಬಿದ್ರು. ನನ್ನ ಕೈಯಲ್ಲಿ ಅಕ್ಕಿ, ತೆಂಗಿನಕಾಯಿ, ಬ್ಲೌಸ್ ಪೀಸು.

ನೋಡಿ ಈಗ. ಗೌರಿನ ಮನೆ ಒಳಗೆ ತರೋದಕ್ಕೆ, ಉಡಿ ತುಂಬಿಸ್ಕೊಳ್ಳೋದಕ್ಕೆ ನನ್ನ ಅರ್ಹತೆ ಏನು? ಭಕ್ತಿನಾ? ಮಂತ್ರನಾ? ನನ್ನ ಗಂಡ ಉಸಿರಾಡ್ತಿದಾನೆ, ಅದೊಂದೇ. ಅತ್ತೆಯ ಅನರ್ಹತೆ ಏನು ಅಂತ ನಾನು ಬಿಡಿಸಿ ಹೇಳ್ಬೇಕಾ? ಅಷ್ಟು ಹೆಂಗಸರಲ್ಲಿ ಗೌರಿ ಇದ್ದಾಳೆ ಅಂತ ಹಂಡ್ರೆಡ್ ಪರ್ಸೆಂಟ್ ನಂಬಿದ್ದೋರು ಫ್ರಿಜ್ ಹಿಂದೆ, ಇಲ್ಲ ಅನ್ನೋಳು ಮಣೆ ಮೇಲೆ. ಕೇಳಿದ ಪ್ರಶ್ನೆ ಮಾತ್ರ ನನಗೆ.

ಅದೇ ವರ್ಷ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಹೇರವಾಡ ಅನ್ನೋ ಊರಿನ ಗ್ರಾಮ ಪಂಚಾಯ್ತಿ ಒಂದು ಠರಾವು ಮಾಡಿತ್ತು, ಗಂಡ ಸತ್ತ ಹೆಂಗಸಿನ ಕುಂಕುಮ ಅಳಿಸೋದು, ಬಳೆ ಒಡೆಯೋದು, ಮಂಗಳಸೂತ್ರ ತೆಗೆಸೋದು ಇನ್ನು ನಮ್ಮೂರಲ್ಲಿ ಇಲ್ಲ ಅಂತ. ಅದೇ ತಿಂಗಳು ರಾಜ್ಯ ಸರ್ಕಾರ ಬೇರೆ ಪಂಚಾಯ್ತಿಗಳೂ ಹೀಗೇ ಮಾಡ್ಲಿ ಅಂತ ಸುತ್ತೋಲೆ ಹೊರಡಿಸ್ತು. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಆ ಸುದ್ದಿ ಬಂದಾಗ ಎಷ್ಟು ಚಪ್ಪಾಳೆ, ಎಷ್ಟು ಹೆಬ್ಬೆಟ್ಟು! ಕಾಕೂನೂ ಎರಡು ಕೈ ಮುಗಿಯೋ ಚಿತ್ರ ಹಾಕಿದ್ರು. ನಾಲ್ಕೇ ತಿಂಗಳಿಗೆ ಈ ಸಾಯಂಕಾಲ. ಹೇರವಾಡ ದೂರದಲ್ಲಿದ್ರೆ ಎಲ್ಲರಿಗೂ ಒಪ್ಪಿಗೆ. ಇನ್ನೂ ತಮಾಷೆ ಅಂದ್ರೆ ನಮ್ಮ ಮನೆ ಇರೋದು ಕೋಥ್ರೂಡಲ್ಲಿ, ಕರ್ವೆ ರಸ್ತೆಯಿಂದ ಸ್ವಲ್ಪ ಒಳಗೆ. ಧೋಂಡೋ ಕೇಶವ ಕರ್ವೆ 1893ರಲ್ಲಿ ವಿಧವೆಯಾಗಿದ್ದ ಗೋದೂಬಾಯಿಯನ್ನ ಮದುವೆಯಾದ್ರು, ಊರಿನವರು ಬಹಿಷ್ಕಾರ ಹಾಕಿದ್ರು, 1896ರಲ್ಲಿ ವಿಧವೆಯರಿಗೆ ಅಂತಲೇ ಆಶ್ರಮ ಶುರು ಮಾಡಿದ್ರು, 1958ರಲ್ಲಿ ಭಾರತರತ್ನ. ತಿಲಕರು ಗಣಪತಿನ ಮನೆಯಿಂದ ಬೀದಿಗೆ ತಂದಿದ್ದೂ ಅದೇ 1893ರ ಸುಮಾರಿಗೇ. ಅವರ ಗಣಪತಿ ಮೆರವಣಿಗೆ ಈಗ ಹಗಲು ರಾತ್ರಿ ದಾಟಿ ಮಾರನೇ ದಿನದವರೆಗೂ ನಡೆಯುತ್ತೆ. ಕರ್ವೆಯವರ ಹೆಸರು ರಿಕ್ಷಾದವರ ಬಾಯಲ್ಲಿ ಉಳಿದಿದೆ, ಕರ್ವೆ ಪುತಳಾ (ಪ್ರತಿಮೆ) ಬರ್ತೀರಾ, ಮೀಟರ್ ಹಾಕಿ.

ಗಂಡನ ಜೊತೆ ಆ ಒಂದೇ ಒಂದು ಜಗಳ ಆಗಿದ್ದು ಆ ಗೌರಿ ಹಬ್ಬದ ರಾತ್ರಿ. "ಅಮ್ಮ ಫ್ರಿಜ್ ಹಿಂದೆ ನಿಂತಿದ್ದು ನೋಡಿದ್ಯಾ?" ಅಂದೆ. "ಅವಳೇ ನಿಂತಿದ್ದು, ಯಾರೂ ಹೇಳಿಲ್ಲ" ಅಂದ. ಶಾಸ್ತ್ರ ಅಂತ ಏನಾದ್ರೂ ಹೇಳಿದ್ರೆ ವಾದ ಮಾಡ್ಬಹುದಿತ್ತು, ಅದೂ ಹೇಳಲಿಲ್ಲ. ನೀನು ನಂಬೋ ಗೌರಿ ನಿಮ್ಮಮ್ಮನ್ನ ನೋಡಿದ್ರೆ ಮುಖ ತಿರುಗಿಸ್ತಾಳಾ ಅಂತ ಕೇಳಿದೆ, ನಾನು ಕೇಳಿದ ರೀತಿನೂ ಒರಟೇ ಇತ್ತು, ಆದ್ರೆ ಕೇಳ್ಬೇಕಾದ ಪ್ರಶ್ನೆ. ಅವನು ದಿಂಬು ತಗೊಂಡು ಹಾಲ್‌ಗೆ ಹೋದ. ಹಾಲಲ್ಲಿ ಇಬ್ಬರು ಗೌರಿಯರು, ಗಣಪತಿ, ಸೀರಿಯಲ್ ಲೈಟು, ಎಲ್ಲದರ ನಡುವೆ ಮಲಗಿದ. ಮಾರನೇ ದಿನ ಅಮ್ಮನ ಹತ್ರ ಹೋಗಿ ಏನೋ ಕೇಳಿ ಚೆನ್ನಾಗಿ ಬೈಸ್ಕೊಂಡು ಬಂದ. ಏನು ಕೇಳ್ದ, ಏನು ಬೈದ್ರು, ಇವತ್ತಿಗೂ ಹೇಳಿಲ್ಲ.

ಮುಂದಿನ ವರ್ಷ ನಾನೇ ತಟ್ಟೆ ಹಿಡ್ಕೊಂಡು ಅಡುಗೆ ಮನೆಗೆ ಹೋದೆ. ಯಾರೂ ಇನ್ನೂ ಬಂದಿರಲಿಲ್ಲ. "ಅತ್ತೆ, ಮೊದಲು ನಿಮಗೆ" ಅಂದೆ. ಅವರು ಹೋಳಿಗೆ ಉಂಡೆ ಮಾಡ್ತಿದ್ರು, ಕೈ ನಿಲ್ಲಿಸಲಿಲ್ಲ. "ಬ್ಯಾಡವಾ" ಅಂದ್ರು. ನಾನು ಬಿಡಲಿಲ್ಲ, ಹೇರವಾಡ, ಕರ್ವೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಂದ್ರು, "ನಿನಗ ಅದರಾಗ ಏನೂ ಇಲ್ಲ, ಅದಕ್ಕ ನಿನಗ ಸರಳ ಅನ್ನಸ್ತದ. ನನಗ ಅದರಾಗ ಎಲ್ಲಾ ಅದ." ಅಷ್ಟು ಹೇಳಿ ಕಣಕದ ಡಬ್ಬಿ ಈ ಕಡೆ ತಳ್ಳು ಅಂದ್ರು.

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅವರು ಹೆದರಿ ಹೇಳಿದ್ದಲ್ಲ, ನನ್ನ ವಾದ ಅರ್ಥ ಆಗದೆ ಹೇಳಿದ್ದೂ ಅಲ್ಲ. ಹಿಡಿದು ಹಣೆಗೆ ಹಚ್ಚೋದಕ್ಕೆ ಅದೇನು ನನ್ನ ಹಣೆನಾ? ಹಾಗಂತ ಸುಮ್ಮನಿರೋದಕ್ಕೂ ನನ್ನಿಂದ ಆಗಲ್ಲ. ಆದ್ರೆ ಒಂದಂತೂ ಸ್ಪಷ್ಟ, ನಾನು ಗೌರಿ ಕೂರಿಸಲ್ಲ ಅಂತ ನನ್ನ ಸಿದ್ಧಾಂತ ಹಿಡ್ಕೊಂಡು ಕೂತ್ರೆ ನನಗೆ ಏನೂ ನಷ್ಟ ಇಲ್ಲ, ಒಂದು ವಾರ ಆರಾಮ. ಅತ್ತೆಗೆ ಗೌರಿ ಇಲ್ಲ. ಅವರ ನಿಯಮದ ಪ್ರಕಾರ ಅವರು ಒಳಗೆ ತರೋ ಹಾಗಿಲ್ಲ, ಈ ಮನೇಲಿ ಇನ್ನೊಬ್ಬ ಸೊಸೆ ಇಲ್ಲ. ಅವರ ದೇವರನ್ನ ಅವರ ಮನೆಗೆ ನಾನು ಹೊತ್ಕೊಂಡು ಬರ್ತೀನಿ, ಅಷ್ಟೆ. ಇದಕ್ಕೆ ನೀವು ಢೋಂಗಿ ಅನ್ನೋದಾದ್ರೆ ಅನ್ನಿ.

ನಾನು ಮಾಡಿದ ಬದಲಾವಣೆ ಒಂದೇ. ಕುಂಕುಮದ ತಟ್ಟೆ ಹಿಡ್ಕೊಂಡು ಸಾಲಲ್ಲಿ ಹೋಗೋದು ನಿಲ್ಲಿಸಿದೆ. ಗೌರಿ ಮುಂದೆ ಸ್ಟೂಲ್ ಮೇಲೆ ಅರಿಶಿನ, ಕುಂಕುಮ, ಹೂವು, ಎಲೆ ಅಡಿಕೆ ಎಲ್ಲ ಇಟ್ಟಿರ್ತೀನಿ, ಬೇಕಾದೋರು ಬಂದು ಬೇಕಾದ್ದು ತಗೊಳ್ಳಿ, ಯಾರ ಮುಂದೆಯೂ ತಟ್ಟೆ ನಿಲ್ಲೋದೂ ಇಲ್ಲ, ಯಾರನ್ನೂ ದಾಟೋದೂ ಇಲ್ಲ. ಅತ್ತೆ ಈಗ ಹಾಲಲ್ಲೇ ಕೂರ್ತಾರೆ, ಹಾಡು ಹೇಳ್ತಾರೆ, ಕುಂಕುಮ ಮುಟ್ಟಲ್ಲ. ಗಂಡ ಯಾರೂ ಹೇಳದೆ ಪುರಣ ಯಂತ್ರದ ಹಿಡಿ ಹಿಡಿದಿದ್ದಾನೆ, ಅರ್ಧಕ್ಕೇ ಸುಸ್ತಾಗಿ ಅಥರ್ವಶೀರ್ಷ ನೆನಪಾಗುತ್ತೆ, ಅದು ಬೇರೆ ವಿಷಯ. ಕಾಕೂಗೆ ಮಾತ್ರ ಈ ವ್ಯವಸ್ಥೆ ಸುತರಾಂ ಹಿಡಿಸಿಲ್ಲ. "ಇದೇನ ಬಫೆ ಆತಲ್ಲ!" ಅಂತ ಪ್ರತಿ ಸಲ ಬೈತಾರೆ. ಬೈದು, ತಾವೇ ಹಚ್ಕೊಂಡು, ಹೊರಡುವಾಗ ನಾಲ್ಕು ಹೋಳಿಗೆ ಡಬ್ಬಿಗೆ ಹಾಕಿಸ್ಕೊಂಡು, ತುಪ್ಪ ಬೇರೆ ಕಟ್ಟಿಸ್ಕೊಂಡು ಹೋಗ್ತಾರೆ.