ಬಾಂದುಕಲ್ಲು ಮೇಷ್ಟ್ರು

ನಮ್ಮ ಅನಾಟಮಿ ಮೇಷ್ಟ್ರು ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟದ ಮನೆಯವರು. ಈ ಮಳೆಗಾಲದಲ್ಲಿ ತೀರಿಕೊಂಡರು. ತೋಟದ ಗಡಿ ಜಗಳದ ಮಾತೇ ಅವರ ಪಾಠಕ್ಕೂ ಬರುತ್ತಿತ್ತು: “ಬೇಲಿ ಸರೀತದೆ ಮಾರಾಯ, ಬಾಂದುಕಲ್ಲು ಸರಿಯಲ್ಲ.” ಚರ್ಮ, ಹೊಕ್ಕುಳ, ಮೊಲೆತೊಟ್ಟು ಇವೆಲ್ಲ ಬೇಲಿ. ಮೂಳೆ ಬಾಂದುಕಲ್ಲು.

ಪಕ್ಕೆಲುಬನ್ನು ಮೇಲಿನಿಂದ ಎಣಿಸಲು ಹೊರಟವನಿಗೆ ಬೈಗುಳ ಖಾತ್ರಿ. ಮೊದಲನೆಯದು ಕಾಲರ್‌ಬೋನ್ ಅಡಿಯಲ್ಲಿ ಅಡಗಿರುತ್ತದೆ, ಬೆರಳಿಗೆ ಸಿಗುವುದಿಲ್ಲ. ಎರಡನೆಯದನ್ನು ಒಂದು ಅಂದುಕೊಂಡರೆ ಕೊನೆತನಕ ಲೆಕ್ಕ ತಪ್ಪು. ಕತ್ತಿನ ಬುಡದ ಗುಳಿಯಿಂದ ಎದೆಮೂಳೆಯ ಮೇಲೆ ಸುಮಾರು 5 ಸೆಂ.ಮೀ. ಬೆರಳು ಜಾರಿಸಿದರೆ ಅಡ್ಡ ಏಣು ತಗಲುತ್ತದೆ, ಅದೇ ಸ್ಟರ್ನಲ್ ಆಂಗಲ್. ಅದರ ಪಕ್ಕಕ್ಕೆ ಸರಿದರೆ ಎರಡನೇ ಪಕ್ಕೆಲುಬು, ಅದರ ಕೆಳಗೆ ಎರಡನೇ ಸಂದು. ಎದೆಮೂಳೆಗೆ ಅಂಟಿಕೊಂಡು ಇಳಿಯಬಾರದು, ಕೆಳಗೆ ಮೃದ್ವಸ್ಥಿಗಳು ಒತ್ತೊತ್ತಾಗಿ ಗೊಂದಲ ಮಾಡುತ್ತವೆ. ಸ್ವಲ್ಪ ಹೊರಗೆ ಸರಿದು ಐದನೇ ಸಂದಿಗಿಳಿದು, ಎಡ ಕಾಲರ್‌ಬೋನ್ ನಡುವಿನಿಂದ ಇಳಿಬಿಟ್ಟ ಗೆರೆಯ ತುಸು ಒಳಗೆ ಕೈಯಿಟ್ಟರೆ ಹೃದಯದ ಬಡಿತ.

ಬೆನ್ನಿಗೆ ಸೂಜಿ ಹಾಕುವಾಗ ಸೊಂಟದ ಎರಡೂ ಏಣಿನ ನೆತ್ತಿಗೆ ಕೈಯಿಟ್ಟು ಹೆಬ್ಬೆರಳು ಕೂಡಿಸಿದರೆ ಎಲ್4, ಅಂದರೆ ಸೊಂಟದ ನಾಲ್ಕನೇ ಬೆನ್ನುಮಣಿಯ ಆಸುಪಾಸು. ದೊಡ್ಡವರಲ್ಲಿ ಬೆನ್ನುಹುರಿ ಎಲ್1ರ ಹತ್ತಿರವೇ ಮುಗಿದಿರುತ್ತದೆ, ಸೂಜಿ ಅದಕ್ಕೆ ತಗಲುವುದಿಲ್ಲ. ಮೈ ತುಂಬಿದವರಲ್ಲಿ ಏಣಿನ ಮೇಲೆ ಕೊಬ್ಬು ಕೂತಿರುವುದರಿಂದ ಲೆಕ್ಕ ಒಂದು ಮಣಿ ಮೇಲಕ್ಕೆ ಹೋಗಿಬಿಡುತ್ತದೆ.

ಒಮ್ಮೆ ಹಾಸ್ಟೆಲ್ಲಿನಲ್ಲಿ ಮಗ್ಗುಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದವನ ಹೊಟ್ಟೆಗೆ ಹುಡುಗರು ನೇರಳೆ ಮದ್ದು ಜೆನ್ಶಿಯನ್ ವಯಲೆಟ್‌ನಲ್ಲಿ ಮ್ಯಾಕ್‌ಬರ್ನಿ ಬಿಂದು, ಅಂದರೆ ಅಪೆಂಡಿಕ್ಸ್ ಬುಡದ ಗುರುತು, ಇಟ್ಟರು. ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಬೈಯಲಿಲ್ಲ. ಅವನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಟೇಪು ತೆಗೆದರು. ಬಲ ಸೊಂಟದ ಮುಂದಿನ ಮೊನೆಯಿಂದ ಹೊಕ್ಕುಳಕ್ಕೆ ಗೆರೆ, ಮೂರು ಪಾಲು, ಮೂಳೆ ಕಡೆಯ ಮೊದಲ ಪಾಲು ಮುಗಿಯುವಲ್ಲಿ ಅಪೆಂಡಿಕ್ಸ್ ಬುಡ. ನೇರಳೆ ಚುಕ್ಕೆ ಎರಡು ಬೆರಳು ದೂರ ಕೂತಿತ್ತು! “ಮಗ್ಗುಲಲ್ಲಿ ಗುರುತು ಹಾಕಿದ್ದೀರಿ, ತಿರುಗಿದ್ದೇ ಚರ್ಮ ಜಾರಿತು. ಬರೆದವರು ಯಾರೋ, ಅವರಿಗೆ ಸೊನ್ನೆ.”

ಈಗ ಎಲ್ಲದಕ್ಕೂ ಅಲ್ಟ್ರಾಸೌಂಡ್. ಒಳ್ಳೆಯದೇ. ಆದರೆ ಮೈಗೆ ಒತ್ತುವ ಅದರ ಪ್ರೋಬನ್ನು ಮೊದಲು ಎಲ್ಲಿಡಬೇಕೆಂದು ಬೆರಳಿಗೆ ತಿಳಿಯದ ಹುಡುಗರನ್ನು ಕಂಡರೆ ಸಿಟ್ಟು ಬರುತ್ತದೆ. ಮಳೆಗೆ ಕರೆಂಟು ಹೋದರೂ ನಮ್ಮ ಬ್ಯಾಚಿನವರಿಗೆ ಸಂದು ತಪ್ಪುವುದಿಲ್ಲ, ಆ ಜಂಬ ನಮಗಿದೆ.

ಉತ್ತರಕ್ರಿಯೆಯ ಊಟಕ್ಕೆ ನೇರಳೆ ಚುಕ್ಕೆಯವನೂ ಬಂದಿದ್ದ. ಹೊಟ್ಟೆ ಬೆಲ್ಟಿನಾಚೆ ಜೋತುಬಿದ್ದಿತ್ತು. ತಾನೇ ತಟ್ಟಿಕೊಂಡು, “ನೋಡ್ರೋ, ಬೇಲಿ ಎಲ್ಲಿಗೆ ಹೋಯ್ತು!” ಅಂದ.