ನಂದಿಯ ಹತ್ತಿರ ನಿಂತು ನಾಡಿ ಎಣಿಸುವಾಗ

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು. ಬೆಳಿಗ್ಗೆ ಹತ್ತುವವರಲ್ಲಿ ಹಲವರ ಕಣ್ಣು ಈಗ ಕೈಗಡಿಯಾರ ತೋರಿಸುವ ನಾಡಿಯ ಮೇಲೆ, ಅಂದರೆ ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತದೆ ಎಂಬುದರ ಮೇಲೆಯೇ. "ನಂದು ನೂರೈವತ್ತು, ನಿಮ್ದೆಷ್ಟು?" ಅಂತ ಕೇಳಿಕೊಳ್ಳುವುದೂ ಉಂಟು. ಹಾಗೆ ಹೋಲಿಸಿ ಪ್ರಯೋಜನವಿಲ್ಲ. 25ರ ಹುಡುಗನಿಗೆ 150 ಅಂದರೆ ಒಂದಿಷ್ಟು ಜೋರು ಶ್ರಮ, ಅಷ್ಟೆ. 60ರವರಿಗೆ ಅದು ಹೆಚ್ಚುಕಡಿಮೆ ತುದಿ.

ಲೆಕ್ಕ ಶುರುವಾಗಬೇಕಾದದ್ದು ಬೆಟ್ಟದ ಬುಡದಲ್ಲಲ್ಲ, ಹಾಸಿಗೆಯಲ್ಲಿ. ಎಚ್ಚರವಾದ ಮೇಲೆ, ಏಳುವ ಮೊದಲು, ಕಾಫಿಗೂ ಮೊದಲು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದರದ್ದೇ ನಾಡಿ ಅಡ್ಡ ಬರುತ್ತದೆ. ಮೂರ್ನಾಲ್ಕು ದಿನದ ಸರಾಸರಿ ತೆಗೆದರೆ ಅದೇ ನಿಮ್ಮ ವಿಶ್ರಾಂತಿ ನಾಡಿ. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ದಿನವೂ ಓಡುವವರಲ್ಲಿ 50ಕ್ಕಿಂತ ಕೆಳಗೂ ಇರಬಹುದು.

ಇನ್ನು ಗರಿಷ್ಠ ನಾಡಿ, ಅಂದರೆ ಹೃದಯ ಏರಬಲ್ಲ ತುದಿ. ಅದಕ್ಕೆ ಎಲ್ಲರೂ ಹೇಳುವುದು 220ರಲ್ಲಿ ವಯಸ್ಸು ಕಳೆಯಿರಿ ಎಂದು. ವಯಸ್ಸಾದವರಿಗೆ ಇದು ಕಡಿಮೆ ತೋರಿಸುತ್ತದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು ವಾಸಿ. ಅದೂ ಅಂದಾಜೇ, 10 ಬಡಿತ ಆಚೀಚೆ ಆಗುತ್ತದೆ.

45ರವರಿಗೆ ಗರಿಷ್ಠ 176 ಎಂದುಕೊಳ್ಳಿ. ವಿಶ್ರಾಂತಿ ನಾಡಿ 70 ಇದ್ದರೆ ನಡುವೆ ಉಳಿಯುವುದು 106. ಇದರ ಶೇ. 40ನ್ನು 70ಕ್ಕೆ ಕೂಡಿಸಿದರೆ 112, ಶೇ. 60 ಕೂಡಿಸಿದರೆ 134. ಇವೆರಡರ ನಡುವಿನದು ಮಧ್ಯಮ ಶ್ರಮ: ಮಾತಾಡಬಹುದು, ಹಾಡಲಾಗದು. 134 ದಾಟಿದರೆ ಜೋರು ಶ್ರಮ, ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕು. ಅದೇ ವಯಸ್ಸಿನ ಇನ್ನೊಬ್ಬರ ವಿಶ್ರಾಂತಿ ನಾಡಿ 56 ಆಗಿದ್ದರೆ ಮಧ್ಯಮ ಶ್ರಮ 104ಕ್ಕೇ ಶುರು.

ಮೊದಲ ಹತ್ತಿಪ್ಪತ್ತು ಮೆಟ್ಟಿಲಿಗೇ ನಾಡಿ ಸರ್ರನೆ ಏರುವುದು ಕಂಡು ಗಾಬರಿಯಾಗಬೇಡಿ. ವಿಶ್ರಾಂತಿಯಲ್ಲಿ ಹೃದಯವನ್ನು ವೇಗಸ್ ನರ ಹಿಡಿದಿಟ್ಟಿರುತ್ತದೆ. ಕಾಲು ಆಡಿದೊಡನೆ ಆ ಬ್ರೇಕು ಸಡಿಲವಾಗುತ್ತದೆ. ಸುಮಾರು 100ರವರೆಗಿನ ಏರಿಕೆ ಮುಖ್ಯವಾಗಿ ಇದರದ್ದೇ. ಅಲ್ಲಿಂದ ಮೇಲೆ ಬಡಿತ ಹೆಚ್ಚಿಸುವ ನರಗಳ, ಅಡ್ರಿನಲಿನ್‌ನ ಕೆಲಸ. ಸಮತಟ್ಟಿನಲ್ಲಿ ಒಂದೇ ವೇಗದಲ್ಲಿ ನಡೆದರೆ ಎರಡು ಮೂರು ನಿಮಿಷಕ್ಕೆ ಬಡಿತ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಮೆಟ್ಟಿಲಲ್ಲಿ ಹಾಗೆ ನಿಲ್ಲದೆ ಏರುತ್ತಲೇ ಹೋದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಏಪ್ರಿಲ್ ಬಿಸಿಲಲ್ಲಿ ಮಾತ್ರ ವೇಗ ಬದಲಾಗದಿದ್ದರೂ ನಾಡಿ ಮೆಲ್ಲಗೆ ಏರುತ್ತದೆ. ಬೆವರಿನಲ್ಲಿ ನೀರು ಹೋಗಿ, ಒಂದಿಷ್ಟು ರಕ್ತ ಚರ್ಮದತ್ತ ಹರಿದು, ಬಡಿತವೊಂದಕ್ಕೆ ಸಿಗುವ ರಕ್ತ ಕಡಿಮೆಯಾಗುವುದೇ ಕಾರಣ.

ಗಡಿಯಾರವನ್ನು ಪೂರ್ತಿ ನಂಬಬೇಡಿ. ಪಟ್ಟಿ ಸಡಿಲವಿದ್ದರೆ ಅದು ಹೆಜ್ಜೆಯ ಲಯವನ್ನೇ ನಾಡಿ ಎಂದುಕೊಳ್ಳುತ್ತದೆ. ಓಡುವಾಗ ಏಕಾಏಕಿ 170 ಕಂಡು ಉಸಿರು ಆರಾಮಾಗಿದ್ದರೆ ಇದೇ ಆಗಿರಬಹುದು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿ. ಕೈಯಲ್ಲಿ ಎಣಿಸುವುದಾದರೆ ನಿಂತ ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನೀರು ಕುಡಿದು, ಫೋಟೋ ತೆಗೆದು ಆಮೇಲೆ ಎಣಿಸಿದರೆ ಸಿಗುವುದು ಹತ್ತಿದಾಗಿನ ನಾಡಿಯಲ್ಲ. ಕುತ್ತಿಗೆಯಲ್ಲಿ ಹಿಡಿದರೆ ಒಂದೇ ಪಕ್ಕ, ಹಗುರವಾಗಿ. ಒತ್ತಿದರೆ ಬಡಿತ ತಗ್ಗಿ ತಲೆ ತಿರುಗಬಹುದು.

ನಂದಿಯ ಹತ್ತಿರ ನಿಂತಾಗ ಇನ್ನೊಂದು ಲೆಕ್ಕ ಮಾಡಿ. ನಿಂತ ಕ್ಷಣದ ನಾಡಿ, ಒಂದು ನಿಮಿಷದ ನಂತರದ ನಾಡಿ. ಜೋರಾಗಿ ಹತ್ತಿದ ಮೇಲೆ 12 ಬಡಿತವೂ ಇಳಿಯದೆ, ಬೇರೆ ದಿನಗಳಲ್ಲೂ ಹಾಗೇ ಆದರೆ ವೈದ್ಯರಿಗೆ ತೋರಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಲೆಕ್ಕ ಬಿಟ್ಟು ತಕ್ಷಣ ಆಸ್ಪತ್ರೆ.

ಬಿ.ಪಿ.ಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರಿಗೆ ಮೇಲಿನ ಸೂತ್ರ ಹೊಂದುವುದಿಲ್ಲ. ಆ ಮಾತ್ರೆಗಳು ನಾಡಿಯನ್ನು ಅಷ್ಟಾಗಿ ಏರಲು ಬಿಡುವುದಿಲ್ಲ. ಅವರಿಗೆ ಮಾತಾಡಿ ನೋಡುವ ಪರೀಕ್ಷೆಯೇ ಸಾಕು.

ಇಳಿಯುವಾಗ ನಾಡಿ ಹತ್ತುವಾಗಿನದಕ್ಕಿಂತ ಎಷ್ಟೋ ಕಡಿಮೆ. ಸ್ನಾಯು ಹಿಗ್ಗುತ್ತಾ ಭಾರ ತಡೆಯುವಾಗ ಆಮ್ಲಜನಕ ಕಡಿಮೆ ಸಾಕು, ಆದರೆ ಅದರ ಎಳೆಗಳಿಗೆ ಪೆಟ್ಟು ಜಾಸ್ತಿ. ಮರುದಿನ ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ.